ಕಾಲರಿನ ಒಳಗಿನ ಗುರುತು

ಎದುರಿನ ಗ್ಯಾರೇಜಿಗೆ ಪೊಲೀಸರ ಬೀಗ ಬಿದ್ದಾಯಿತು; ಇನ್ನು ಬರೆಯಬಹುದು.

ನನ್ನ ಮಾವ ನಲವತ್ತು ವರ್ಷ ಇಸ್ತ್ರಿ ಹಿಡಿದವರು. ಅದರಲ್ಲಿ ಹನ್ನೊಂದು ವರ್ಷ ಪೊಲೀಸ್ ಕ್ವಾರ್ಟರ್ಸಿನ ಲಾಂಡ್ರಿಯಲ್ಲಿ. ಬಟ್ಟೆ ಅದಲುಬದಲಾಗದಂತೆ ಕಾಲರಿನ ಒಳಗೆ ಕಪ್ಪು ಶಾಯಿಯಲ್ಲಿ ಎರಡು ಗೆರೆ, ಒಂದು ಚುಕ್ಕೆ: ಅದು ಅಲ್ಲಿನ ಗುರುತು. “ಹಣೆಬರಹ ಅಳಿಸಿದ್ರೂ ಇದು ಅಳಿಸಲ್ಲಮ್ಮ” ಎಂದು ನನಗೆ ತೋರಿಸಿಕೊಟ್ಟಿದ್ದರು.

ಆ ಗ್ಯಾರೇಜಿನಲ್ಲಿ ಕದ್ದ ಲಾರಿಗಳ ನಂಬರ್ ಪ್ಲೇಟ್ ಬದಲಾಗುತ್ತಿದ್ದುದು ಬೀದಿಗೆಲ್ಲ ಗೊತ್ತಿತ್ತು. ಅಲ್ಲಿಗೊಬ್ಬ ಹೊಸ ಡ್ರೈವರ್ ಸೇರಿದ್ದ. ನನ್ನ ಮಗಳನ್ನು ಕಂಡರೆ ಹಾರ್ನ್ ಬಾರಿಸಿ ನಗಿಸುತ್ತಿದ್ದ.

ಒಂದು ಮಧ್ಯಾಹ್ನ ಗ್ಯಾರೇಜಿನ ಮೀಸೆಯವನು ನಮ್ಮ ಇಸ್ತ್ರಿ ಅಂಗಡಿಗೆ ನುಗ್ಗಿದ.

“ಹೊಸಬನ ಶರ್ಟ್ ಕೊಡು ಮುದುಕಪ್ಪ. ನಮ್ಮೊಳಗೇ ಯಾರೋ ಪೊಲೀಸರಿಗೆ ಸುದ್ದಿ ಮುಟ್ಟಿಸ್ತಿದ್ದಾರೆ. ಎಲ್ಲರ ಜೇಬು, ಕಾಲರಿನ ಗುರುತು ನೋಡ್ಬೇಕು.”

ಶರ್ಟು ಮೇಜಿನ ಮೇಲೇ ಇತ್ತು. ಮಾವ ಕಾಲರ್ ಮಗುಚಿದರು. ಎರಡು ಗೆರೆ, ಒಂದು ಚುಕ್ಕೆ. ಕ್ವಾರ್ಟರ್ಸಿನ ಮನೆಯಿಂದ ಹಳೇ ಶರ್ಟು ತಂದುಬಿಟ್ಟಿದ್ದ ಡ್ರೈವರ್, ಪುಣ್ಯಾತ್ಮ! ಮಾವ ನನ್ನನ್ನೊಮ್ಮೆ ನೋಡಿದರು.

“ಒದ್ದೆ ಇದೆ. ಒಂದ್ಸಲ ಎಳೆದು ಕೊಡ್ತೀನಿ,” ಎಂದು ಕಾಲರಿನ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟರು.

“ಇಸ್ತ್ರಿ ಯಾರಿಗೆ ಬೇಕು? ಕೊಡು ಇತ್ಲಾಗೆ!” ಮೀಸೆಯವನು ಕೈ ಚಾಚಿದ.

ನಾನು ಸೊಂಟದ ಮೇಲಿದ್ದ ಮಗಳ ತೊಡೆ ಚಿವುಟಿದೆ. ಸೂರು ಹಾರಿಹೋಗುವಂತೆ ಕಿರುಚಿದಳು. ಮೀಸೆಯವನು ಬೆಚ್ಚಿ ಇತ್ತ ತಿರುಗಿದ.

“ಏನಾಯ್ತು ನನ್ನ ಬಂಗಾರಕ್ಕೆ? ಇರುವೆ ಕಚ್ತಾ?” ಮಾವ ಮೊಮ್ಮಗಳತ್ತ ಬಾಗಿದರು. ಪೆಟ್ಟಿಗೆಯನ್ನು ಮಾತ್ರ ಎತ್ತಲಿಲ್ಲ. ಸುಟ್ಟ ವಾಸನೆ ಬಂದಮೇಲೆ “ಅಯ್ಯೋ!” ಎಂದರು.

ಮೀಸೆಯವನು ಶರ್ಟು ಕಿತ್ತುಕೊಂಡು ಬೆಳಕಿಗೆ ಹಿಡಿದ. ಕಾಲರ್ ಕರಕಲಾಗಿ ತೂತು ಬಿದ್ದಿತ್ತು. ಅದರಲ್ಲಿ ಬೆರಳು ತೂರಿಸಿ ಮಾವನ ಮುಖವನ್ನೇ ದಿಟ್ಟಿಸಿದ.

“ಕಣ್ಣು ಹೋಯ್ತೇನೋ ಮುದುಕಾ? ಅಂಗಡಿ ಮುಚ್ಕೊಂಡು ಮೊಮ್ಮಗಳನ್ನ ಆಡಿಸ್ಕೊಂಡಿರು!”

ಶರ್ಟನ್ನು ಮಾವನ ಮುಖಕ್ಕೆಸೆದು ಹೋದ. ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ. ಇಬ್ಬರು ಬಂದು ತಮ್ಮ ರೇಷ್ಮೆ ಸೀರೆಗಳನ್ನು ಹಾಗೇ ವಾಪಸು ಒಯ್ದರು. ಅತ್ತೆಯೂ ಬೈದರು. ಮಾವ ಮುಂದಿನ ಬಟ್ಟೆಗೆ ನೀರು ಚಿಮುಕಿಸಿದರು. ನಾನು ಮಗಳ ಕೆಂಪಾದ ತೊಡೆಗೆ ಎಣ್ಣೆ ಸವರಿದೆ.

ಮರುದಿನ ಹೊಸ ಡ್ರೈವರ್ ಇನ್ನೊಂದು ಬಟ್ಟೆ ಗಂಟು ತಂದ. ಮಾವ ಒಂದು ಕಾಲರ್ ಮಗುಚಿ, ಗುರುತಿನ ಮೇಲೆ ಹೆಬ್ಬೆರಳಿಟ್ಟರು.

“ಇದು ನನ್ನ ಕೈಯಿಂದಲೇ ಹಾಕಿದ್ದು. ಹೊಸ ಶರ್ಟ್ ತಗೊಳ್ಳಪ್ಪ.”

ಅವನು ಗ್ಯಾರೇಜಿನತ್ತ ತಿರುಗಿ ನೋಡಿ ಸ್ಟೂಲಿನ ಮೇಲೆ ಕೂತ.

“ನಿನ್ನೆ ಸುಟ್ಟಿದ್ದು... ಬೇಕಂತಲೇನಾ, ಯಜಮಾನ್ರೇ?”

“ಬೀದಿಯಲ್ಲಿ ಕೇಳು,” ಎಂದರು ಮಾವ, ಗಂಟು ಕಟ್ಟಿ ಅವನ ಕೈಗಿಡುತ್ತ. “ಮುದುಕನಿಗೆ ಕಣ್ಣು ಕಾಣಲ್ವಂತೆ.”