ಮೇಷ್ಟ್ರ ಮರೆವು

ನಮ್ಮೂರಿನ ಮಕ್ಕಳು ಸೈಕಲ್ ಕಲಿತ ಮರುವರ್ಷವೇ ಮೋಟಾರ್ ಬೈಕ್ ಹತ್ತುತ್ತಾರೆ. ರಸ್ತೆಯ ಮೇಲಲ್ಲ, ಊರಾಚೆ ಪೈನ್ ಮರಗಳ ನಡುವಿನ ಹಳೇ ಮರಳುಗುಂಡಿಯಲ್ಲಿ. ಮೂವತ್ತೈದು ವರ್ಷ ಅಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸಿದವರು ವಿಸ್ವಾಲ್ಡಿಸ್ ಮೇಷ್ಟ್ರು. ಅವರು ಯಾವ ಶಾಲೆಗೂ ಮೇಷ್ಟ್ರಲ್ಲ. ಸಾಮೂಹಿಕ ಫಾರ್ಮಿನಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಿದ್ದವರು, ಫಾರ್ಮು ಮುಚ್ಚಿದ ಮೇಲೆ ಊರವರ ಗರಗಸ, ಹುಲ್ಲು ಕತ್ತರಿಸುವ ಯಂತ್ರ ಸರಿಮಾಡಿಕೊಡುತ್ತಿದ್ದವರು. ನನಗೂ ಕಲಿಸಿದವರು ಅವರೇ. ಅವರ ಬಗ್ಗೆ ಬರೆಯುವ ಯೋಗ್ಯತೆ ಊರಲ್ಲಿ ಒಬ್ಬನಿಗೆ ಇಲ್ಲವೆಂದರೆ ಅದು ನನಗೆ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಅವರ ಬಾಳಿನ ಎರಡು ವರ್ಷ ಹಾಳುಮಾಡಿದವನು ನಾನು.

ಅವರ ಕ್ರಮವನ್ನು ಮೊದಲು ಹೇಳಿಬಿಡುತ್ತೇನೆ. ಮೊದಲ ಶನಿವಾರ ಎಂಜಿನ್ ಶುರುಮಾಡುವ ಮಾತೇ ಇಲ್ಲ. ಮಗು ಬೈಕನ್ನು ತಳ್ಳಬೇಕು, ಬೀಳಿಸಬೇಕು, ಎತ್ತಬೇಕು. ಎರಡನೇ ವಾರ ಎಂಜಿನ್ ಶುರು. ಆಗ ಮಗುವಿನ ಸೊಂಟದ ಪಟ್ಟಿ ಹಿಡಿದುಕೊಂಡು ಮೇಷ್ಟ್ರು ಹಿಂದೆ ಹಿಂದೆ ಓಡುತ್ತಾರೆ. ಅರವತ್ತಾರರ ವಯಸ್ಸಿನಲ್ಲೂ ಓಡುತ್ತಿದ್ದರು. ಅಪ್ಪ ಅಮ್ಮಂದಿರು ಹಗ್ಗದ ಆಚೆ ನಿಲ್ಲಬೇಕು, ತುಟಿ ಪಿಟಕ್ಕೆನ್ನುವ ಹಾಗಿಲ್ಲ. ಹೆಲ್ಮೆಟ್ಟಿನ ಒಳಗೆ ಒಬ್ಬರ ದನಿಗಷ್ಟೇ ಜಾಗ ಎನ್ನುತ್ತಿದ್ದರು.

ಪುಟಾಣಿ ಬೈಕುಗಳ ಬಲಗೈ ಹಿಡಿಕೆಯ ಹತ್ತಿರ ಒಂದು ಸಣ್ಣ ಸ್ಕ್ರೂ ಇರುತ್ತದೆ. ಅದನ್ನು ಒಳಕ್ಕೆ ಬಿಗಿದಷ್ಟೂ ಆಕ್ಸಿಲರೇಟರ್ ಕಡಿಮೆ ತಿರುಗುತ್ತದೆ, ಬೈಕು ಆಮೆ ನಡಿಗೆಯಲ್ಲಿ ಹೋಗುತ್ತದೆ. ಮೇಷ್ಟ್ರು ಅದನ್ನು ಒಂದು ಸಲಕ್ಕೆ ಕಾಲು ಸುತ್ತು ಮಾತ್ರ ಸಡಿಲಿಸಿ, ಹೆಂಡತಿ ಸ್ಕೈದ್ರೀತೆಯ ನೇಲ್ ಪಾಲಿಶ್‌ನಿಂದ ಅದರ ಅಂಚಿಗೆ ಒಂದು ಕೆಂಪು ಚುಕ್ಕೆ ಇಡುತ್ತಿದ್ದರು. ಬೇರೆ ಯಾರಾದರೂ ಕೈ ಹಾಕಿದರೆ ಚುಕ್ಕೆ ಒಡೆದು ಗೊತ್ತಾಗುತ್ತದೆ. ಆ ಕಾಲು ಸುತ್ತು ಪುಕ್ಕಟೆ ಸಿಗುತ್ತಿರಲಿಲ್ಲ. ಮೇಷ್ಟ್ರು ತಮ್ಮ ಟೋಪಿ ತೆಗೆದು ಮರಳಿನ ಮೇಲೆ ಇಡುತ್ತಿದ್ದರು. ಮಗು ಓಡಿಸಿಕೊಂಡು ಬಂದು ಟೋಪಿಯ ಮುಂದೆ ಬ್ರೇಕ್ ಹಾಕಿ ನಿಲ್ಲಬೇಕು. ಚಕ್ರ ಟೋಪಿ ಮೇಲೆ ಹತ್ತಿತೋ, ಮತ್ತೆ ಮುಂದಿನ ಶನಿವಾರ. ಊರಲ್ಲಿ ಅವರ ಟೋಪಿಯಷ್ಟು ತುಳಿತ ತಿಂದ ಟೋಪಿ ಇನ್ನೊಂದಿಲ್ಲ, ಅದರಲ್ಲಿ ಅರ್ಧ ನನ್ನ ಕಾಲದ್ದೇ.

ನನ್ನ ಮಗಳು ಮಡಾರ ಐದು ತುಂಬಿದಾಗ ಅವರ ಬಳಿ ಸೇರಿದಳು. ಅವಳಿಗೆ ಬೀಳುವ ಭಯ ಇರಲಿಲ್ಲ, ಆದರೆ ಬ್ರೇಕು ನೆನಪಾಗುತ್ತಿರಲಿಲ್ಲ. ಬೇಸಿಗೆಯಿಡೀ ಟೋಪಿ ಮೇಲೆ ಚಕ್ರ ಹತ್ತಿಸಿದಳು. ಗರಗಸದ ಮಿಲ್ಲಿನವನ ಮಗ, ಅವಳಿಗಿಂತ ಎರಡು ತಿಂಗಳು ಚಿಕ್ಕವನು, ಮೂರು ಸಲ ಗೆದ್ದು ಮುಕ್ಕಾಲು ಸುತ್ತು ಸಂಪಾದಿಸಿದ್ದ. ಮಿಲ್ಲಿನವನು ಹಗ್ಗದ ಪಕ್ಕ ನಿಂತು ಮೆಲ್ಲಗೆ, ನಿನ್ನ ಮಗಳು ನಿಧಾನಕ್ಕೆ ಅಣಬೆ ಆರಿಸ್ಕೊಂಡು ಹೋಗ್ತಿರೋ ಹಾಗಿದೆಯಲ್ಲೋ, ಅಂದ. ತಮಾಷೆಗೇ ಅಂದದ್ದು. ನನಗೆ ಮೈಯೆಲ್ಲ ಉರಿದುಹೋಯಿತು. ನಾನು ಓಡಿಸುವ ಕಾಲದಲ್ಲೂ ಅವನೇ ಮುಂದೆ, ನಾನು ಅವನ ಧೂಳು ತಿಂದವನು.

ಸೆಪ್ಟೆಂಬರಿನಲ್ಲಿ ಆ ವರ್ಷದ ಕೊನೆಯ ಓಟ ಇತ್ತು. ಪುಟ್ಟ ಮಕ್ಕಳಿಗೆ ಮೂರು ಸುತ್ತು, ಆಮೇಲೆ ಎಲ್ಲರಿಗೂ ಸ್ಕೈದ್ರೀತೆ ಅಮ್ಮ ಹಂದಿಮಾಂಸ ಹಾಕಿ ಬೇಯಿಸಿದ ಬಟಾಣಿ. ಆ ಭಾನುವಾರ ಬೆಳಿಗ್ಗೆ ಕೊಟ್ಟಿಗೆಯಲ್ಲಿ ನಾನು ಮಡಾರಳ ಬೈಕಿನ ಸ್ಕ್ರೂ ಬಿಚ್ಚಿದೆ. ಕಾಲು ಸುತ್ತಲ್ಲ, ಕೊನೆಯತನಕ. ನನ್ನ ಹೆಂಡತಿ ಇನೆಸೆಯ ಹೆಸರುಹಬ್ಬಕ್ಕೆ, ಅಂದರೆ ಕ್ಯಾಲೆಂಡರಿನಲ್ಲಿ ಅವಳ ಹೆಸರಿರುವ ದಿನಕ್ಕೆ, ಸ್ಕೈದ್ರೀತೆ ಅಮ್ಮ ಉಡುಗೊರೆ ಕೊಟ್ಟಿದ್ದ ನೇಲ್ ಪಾಲಿಶ್ ಅದೇ ಬಣ್ಣದ್ದು. ಒಡೆದ ಚುಕ್ಕೆಯನ್ನು ಕೆರೆದು ತೆಗೆದು, ಹೊಸ ಚುಕ್ಕೆ ಇಟ್ಟು, ಬಾಯಿಂದ ಊದಿ ಒಣಗಿಸಿದೆ.

ಓಟದ ಮೊದಲು ಮೇಷ್ಟ್ರು ಎಂದಿನಂತೆ ಒಂದೊಂದು ಬೈಕಿನ ಮುಂದೆಯೂ ಬಗ್ಗಿ ಚುಕ್ಕೆ ನೋಡಿದರು. ಮಡಾರಳದ್ದನ್ನೂ ನೋಡಿದರು, ಅವಳ ಹೆಲ್ಮೆಟ್ ತಟ್ಟಿ ಮುಂದಕ್ಕೆ ಹೋದರು. ಬಾವುಟ ಇಳಿಯಿತು. ಮಗು ಬೇಸಿಗೆಯೆಲ್ಲ ಮಾಡಿದ ಹಾಗೆ ಹಿಡಿಕೆಯನ್ನು ಪೂರ್ತಿ ತಿರುಗಿಸಿತು. ಬೈಕು ಅವಳ ಕೈಯಿಂದಲೇ ಓಡಿಹೋಗುವಂತೆ ನೆಗೆಯಿತು. ಹೆದರಿದ ಮಕ್ಕಳು ಹಿಡಿಕೆ ಬಿಡುವುದಿಲ್ಲ, ಇನ್ನೂ ಗಟ್ಟಿಯಾಗಿ ಹಿಡಿಯುತ್ತಾರೆ. ಮೊದಲ ತಿರುವಿನ ಟೈರುಗಳ ಗೋಡೆಗೆ ನೇರವಾಗಿ ಹೋಗಿ ಹೊಡೆದಳು. ಕತ್ತಿನ ಕೆಳಗಿನ ಮೂಳೆ ಮುರಿಯಿತು, ಮುಂದಿನ ಎರಡು ಹಾಲುಹಲ್ಲು ಹೋದವು.

ಅವಳನ್ನು ಎತ್ತಿಕೊಂಡು ಓಡುವಾಗ ನನ್ನ ಮನಸ್ಸಿನಲ್ಲಿ ಇದ್ದದ್ದು ಮಗಳೊಬ್ಬಳೇ ಎಂದು ಹೇಳಿಕೊಳ್ಳಲು ಇಷ್ಟ. ಸುಳ್ಳು. ಮೇಷ್ಟ್ರು ಬೈಕಿನ ಹತ್ತಿರ ಕೂತು ಹಿಡಿಕೆ ತಿರುಗಿಸಿ ನೋಡುತ್ತಿದ್ದುದನ್ನೂ ನಾನು ತಿರುಗಿ ನೋಡಿದೆ.

ಮರುದಿನ ಅವರು ಆಸ್ಪತ್ರೆಗೆ ಬಂದರು. ಟೋಪಿ ಕೈಯಲ್ಲಿ ಹಿಡಿದುಕೊಂಡು ಮಂಚದ ಕಾಲ ಬಳಿ ನಿಂತರು. ಶನಿವಾರ ಸಂಜೆ ಮಿಲ್ಲಿನ ಹುಡುಗನ ಸ್ಕ್ರೂ ಸಡಿಲಿಸುವಾಗ, ಬೈಕುಗಳೆಲ್ಲ ಒಂದೇ ಥರ, ತಪ್ಪಿ ಇವಳದ್ದನ್ನು, ಅದೂ ಪೂರ್ತಿ, ಬಿಚ್ಚಿರಬೇಕು ಎಂದರು. ಚುಕ್ಕೆ ಒಡೆದಿಲ್ಲ, ಅಂದರೆ ಬಿಚ್ಚಿದವರೂ ತಾವೇ, ಚುಕ್ಕೆ ಇಟ್ಟವರೂ ತಾವೇ.

“ನಂಗೆ ಒಂಚೂರೂ ನೆನಪಿಲ್ಲ ನೋರ್ಮುಂಡ್ಸ್,” ಎಂದರು. “ಅದೇ ನಂಗೆ ಭಯ. ಮಾಡಿದ್ದು ತಪ್ಪಾದ್ರೆ ತಿದ್ಕೋಬಹುದು, ಮಾಡಿದ್ದೇ ನೆನಪಿಲ್ಲದಿದ್ರೆ ಏನ್ ತಿದ್ಕೊಳ್ಳೋದು?”

ಆಗ ಹೇಳಬೇಕಿತ್ತು. ಇನೆಸೆ ಪಕ್ಕದಲ್ಲಿ ಕೂತಿದ್ದಳು, ಮಗು ನಿದ್ದೆ ಮಾಡುತ್ತಿತ್ತು. ನಾನು, ವಯಸ್ಸಾಯಿತಲ್ಲ ಮೇಷ್ಟ್ರೇ, ಬಿಡಿ, ಅಂದೆ. ಸಮಾಧಾನ ಹೇಳುವವನ ದನಿಯಲ್ಲಿ ಅಂದೆ.

ಮರಳುಗುಂಡಿಯ ಗೇಟಿಗೆ ಬೀಗ ಬಿತ್ತು. ನೆನಪಿಲ್ಲದ ಕೈಗೆ ಮಕ್ಕಳನ್ನು ಕೊಡಬಾರದು ಎಂದುಬಿಟ್ಟರು. ಆಮೇಲೆ ಊರವರ ಗರಗಸ ಮುಟ್ಟುವುದನ್ನೂ ಬಿಟ್ಟರು, ಬ್ಲೇಡು ಸಡಿಲ ಬಿಟ್ಟು ಯಾರ ಕಾಲಾದರೂ ಹೋದರೆ ಎಂದು. ಅಂಗಿಯ ಜೇಬಿನಲ್ಲಿ ಒಂದು ಪುಟ್ಟ ಪುಸ್ತಕ ಬಂತು. ಒಲೆ ಆರಿಸಿದೆ. ಬಾಗಿಲು ಹಾಕಿದೆ. ಕೋಳಿಗೆ ನೀರು ಇಟ್ಟೆ. ಎಲ್ಲ ಬರೆದುಕೊಳ್ಳುತ್ತಿದ್ದರು. ಅಂಗಡಿಯಲ್ಲಿ ಯಾರಾದರೂ ‘ಮರೆತೆ’ ಎಂದರೆ ಸಾಕು, ತಲೆಯೆತ್ತಿ ನೋಡುತ್ತಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಇಲ್ಲಿ ಎಮ್ಮೆ ತನ್ನ ಬರೆಯನ್ನು ತಾನೇ ಎಳೆದುಕೊಂಡಿತು. ಎತ್ತು ನೋಡುತ್ತಾ ನಿಂತಿತ್ತು.

ಹೇಳುತ್ತೇನೆ ಎಂದುಕೊಳ್ಳದ ವಾರವಿಲ್ಲ. ಕ್ರಿಸ್ಮಸ್ ಕಳೆಯಲಿ ಎಂದೆ. ಜೂನಿನ ಹಬ್ಬದ ಬೆಂಕಿ ಹಚ್ಚುವ ದಿನ ಕುಡಿದ ಧೈರ್ಯದಲ್ಲಿ ಹೇಳೋಣ ಎಂದೆ. ಅಂದು ಕುಡಿದೆ, ಹೇಳಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಹಾಗೆ, ಯಾರ ಉಗುರಿನಲ್ಲಿ ಕೆಂಪು ಕಂಡರೂ ಮುಖ ತಿರುಗಿಸುತ್ತಿದ್ದೆ. ಮೂಳೆ ಕೂಡಿ ಮಡಾರ ಮತ್ತೆ ಮರ ಹತ್ತತೊಡಗಿದಳು. ಮೇಷ್ಟ್ರು ತಾತನಿಗೆ ಬೈಕುಗಳೂ ಮರೆತುಹೋದವಾ ಎಂದು ಒಮ್ಮೆ ಕೇಳಿದಳು. ಊಟ ಮಾಡು ಎಂದು ಗದರಿದೆ.

ಎರಡನೇ ಚಳಿಗಾಲ ಕಳೆದು ಮಂಜು ಕರಗುತ್ತಿದ್ದ ಒಂದು ಮಧ್ಯಾಹ್ನ ಮೇಷ್ಟ್ರು ನಮ್ಮ ಅಂಗಳಕ್ಕೆ ಬಂದರು. ಕೈಗಾಡಿಯಲ್ಲಿ ಪುಟ್ಟ ಹೆಲ್ಮೆಟ್ಟುಗಳು, ಮೊಣಕಾಲು ಕವಚಗಳು, ಹಗ್ಗ, ಆ ಟೋಪಿ, ಅದರ ಮೇಲೆ ನೇಲ್ ಪಾಲಿಶ್ ಶೀಶೆ, ಗೇಟಿನ ಬೀಗದಕೈ. ಊರಲ್ಲಿ ಆರು ಪುಟ್ಟ ಮಕ್ಕಳು ಕಾಯುತ್ತಿದ್ದಾರೆ, ಗುಂಡಿಯಲ್ಲಿ ಹುಲ್ಲು ಬೆಳೆಯುತ್ತಿದೆ, ಇನ್ನು ನೀನು ನಡೆಸು ಎಂದರು.

“ನಿನ್ನ ಮಗಳಿಗೇ ಅಷ್ಟಾದ್ರೂ ನೀನು ನನ್ನ ಒಂದು ಮಾತು ಬೈಲಿಲ್ಲ,” ಎಂದರು. “ಅಂಥವನ ಕೈಗೆ ಮಕ್ಕಳನ್ನ ಕೊಟ್ರೆ ನಂಗೆ ನೆಮ್ಮದಿ.”

ಬೀಗದಕೈ ನನ್ನ ಅಂಗೈ ಮೇಲಿಟ್ಟರು. ಅದರ ತೂಕವೆಷ್ಟು, ಒಂದು ಹಿಡಿ ಉಪ್ಪಿನಷ್ಟೂ ಇಲ್ಲ. ನನಗೆ ಹಿಡಿದುಕೊಳ್ಳಲು ಆಗಲಿಲ್ಲ.

“ಮೇಷ್ಟ್ರೇ, ಆ ಸ್ಕ್ರೂ ಬಿಚ್ಚಿದ್ದು ನಾನು.”

ಅವರು ನನ್ನನ್ನು ನೋಡಿದರು. ಕೊಟ್ಟಿಗೆ, ಇನೆಸೆಯ ಶೀಶೆ, ಊದಿ ಒಣಗಿಸಿದ್ದು, ಎಲ್ಲ ಹೇಳಿದೆ. ಆಸ್ಪತ್ರೆಯಲ್ಲಿ ವಯಸ್ಸಾಯಿತು ಎಂದದ್ದನ್ನೂ ಹೇಳಿದೆ. ಅವರು ಹೊಡೆಯಲಿ ಎಂದು ಕಾಯುತ್ತಿದ್ದೆ.

“ಹಾಗಾದ್ರೆ ನಾನು ಮರ್ತಿರ್ಲಿಲ್ಲ,” ಎಂದರು.

“ಇಲ್ಲ ಮೇಷ್ಟ್ರೇ.”

“ಶನಿವಾರ ಸಂಜೆ ನಾನು ಮಿಲ್ಲಿನ ಹುಡುಗಂದೇ ಸಡಿಲಿಸಿದ್ದು. ಅದು ನಂಗೆ ನೆನಪಿತ್ತು. ನೆನಪಿದ್ರೂ ಸುಳ್ಳು ಅಂತ ಅಂದ್ಕೊಂಡೆ.”

ಅವರ ಗದ್ದ ಅದುರುತ್ತಿತ್ತು. ನಗುತ್ತಿದ್ದಾರೋ ಅಳುತ್ತಿದ್ದಾರೋ ತಿಳಿಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಅವರು ಸಂತೋಷಪಟ್ಟದ್ದನ್ನು ತಡೆದುಕೊಳ್ಳಲು ಆಗಲಿಲ್ಲ. ಆಮೇಲೆ ನನ್ನ ಕೈಯಿಂದ ಬೀಗದಕೈ ವಾಪಸು ತೆಗೆದುಕೊಂಡರು. ಸ್ಕೈದ್ರೀತೆಗೆ ನೀನೇ ಹೋಗಿ ಹೇಳು, ಅದನ್ನ ನಾನು ಹೇಳಲ್ಲ, ಎಂದು ಗಾಡಿ ತಿರುಗಿಸಿದರು.

ಅವರ ಹಿಂದೆಯೇ ಹೋದೆ. ಆಕೆ ಹಿಟ್ಟು ನಾದುತ್ತಿದ್ದರು. ಹೇಳಿ ಮುಗಿಸುವವರೆಗೂ ನಾದುವುದನ್ನು ನಿಲ್ಲಿಸಲಿಲ್ಲ.

“ಎರಡು ವರ್ಷ,” ಎಂದರು, ತಲೆಯೆತ್ತದೆ. “ಎರಡು ವರ್ಷ ದಿನಾ ಬೆಳಿಗ್ಗೆ ಇವ್ರು ಕಣ್ಬಿಟ್ಟಾಗ, ಇವತ್ತು ನನ್ನ ಹೆಸರು ಗೊತ್ತಿರುತ್ತೋ ಇಲ್ವೋ ಅಂತ ಕಾಯ್ತಿದ್ದೆ. ಹೋಗಪ್ಪ. ನಂಗೀಗ ನಿನ್ನ ಮುಖ ನೋಡೋಕಾಗಲ್ಲ.”

ಅಂದು ಸಂಜೆ ಇನೆಸೆಗೂ ಮಡಾರಳಿಗೂ ಹೇಳಿದೆ. ಇನೆಸೆ ಎದ್ದು ತನ್ನ ಶೀಶೆಯನ್ನು ಒಲೆಯ ಪಕ್ಕದ ಕಸಕ್ಕೆ ಹಾಕಿದಳು. ಮಡಾರ ಮಾತ್ರ, ಹಾಗಾದರೆ ಬಿದ್ದದ್ದು ನಾನು ಗಟ್ಟಿಯಾಗಿ ಹಿಡಿದಿದ್ದಕ್ಕೆ ಅಲ್ಲವಾ ಎಂದು ಕೇಳಿದಳು. ಅವಳೂ ಒಂದು ತಪ್ಪನ್ನು ಹೊತ್ತುಕೊಂಡಿದ್ದಳು ಎಂದು ನನಗೆ ಅಲ್ಲಿಯತನಕ ಹೊಳೆದಿರಲೇ ಇಲ್ಲ.

ಮೇ ತಿಂಗಳಲ್ಲಿ ಗೇಟು ತೆರೆಯಿತು. ಮೇಷ್ಟ್ರ ಜೇಬಿನಲ್ಲಿ ಈಗ ಪುಸ್ತಕ ಇಲ್ಲ, ಆ ಜಾಗದಲ್ಲಿ ನೇಲ್ ಪಾಲಿಶ್ ಶೀಶೆ ಇದೆ. ಮೊದಲಿನ ಹಾಗೆ ಅದನ್ನು ಎಲ್ಲಿಯೂ ಇಟ್ಟು ಹೋಗುವುದಿಲ್ಲ, ಈ ಸಲದ್ದು ಹಸಿರು ಬಣ್ಣ. ಏಳು ವರ್ಷದ ಮಡಾರ ಅದೇ ಪುಟಾಣಿ ಬೈಕಿನಲ್ಲಿ, ಮಂಡಿಗಳು ಹಿಡಿಕೆಗೆ ತಾಗುತ್ತಿದ್ದರೂ, ಓಡಿಸಿಕೊಂಡು ಬಂದು ಟೋಪಿಗೆ ಒಂದು ಗೇಣು ಮುಂಚೆ ನಿಂತಳು. ನಾನು ಹಗ್ಗದ ಆಚೆ, ಎಲ್ಲರಿಗಿಂತ ಹಿಂದೆ, ಒಂದು ಪೈನ್ ಮರದ ಬಳಿ ನಿಂತಿದ್ದೆ. ಕಾಲು ಸುತ್ತು ಸಡಿಲಿಸುವಾಗ ನೋಡಲು ಅಪ್ಪನನ್ನು ಕರೆಯಿರಿ ತಾತ, ಎಂದು ಅವಳು ಹೆಲ್ಮೆಟ್ ತೆಗೆದು ಕೇಳಿದ್ದು ನನಗೂ ಕೇಳಿಸಿತು.

ಮೇಷ್ಟ್ರು ಬಗ್ಗಿ ಟೋಪಿ ಎತ್ತಿ, ಮರಳು ಕೊಡವಿ, ತಲೆಗೆ ಹಾಕಿಕೊಂಡರು.

“ನಿಮ್ಮಪ್ಪ ಇನ್ನೂ ಟೋಪಿ ಮೇಲೆ ಹತ್ತಿಸ್ತಾನಮ್ಮ,” ಎಂದರು. “ಅಲ್ಲೇ ಇರ್ಲಿ.”

ನಾನು ಅಲ್ಲೇ ನಿಂತೆ. ಪ್ರತಿ ಶನಿವಾರ ಬಂದು ಅಲ್ಲೇ ನಿಲ್ಲುತ್ತೇನೆ.