ಕಿವಿಗೆ ತಿಳಿಯುವ ಪ್ರೋಗ್ರಾಮು

ಎಂಬತ್ತರ ದಶಕದ ನಡುವಿನಲ್ಲಿ ಚಿಕ್ಕಮಗಳೂರಿನ ಬೀಜ ಒಣಗಿಸಿ ವಿಂಗಡಿಸುವ ಒಂದು ಕಾಫಿ ಕ್ಯೂರಿಂಗ್ ವರ್ಕ್ಸಿಗೆ ಕಂಪ್ಯೂಟರ್ ಬಂತು. ಎಸ್ಟೇಟುಗಳಿಂದ ಬರುವ, ಹೊರಸಿಪ್ಪೆ ತೆಗೆದ ಪಾರ್ಚ್‌ಮೆಂಟ್ ಕಾಫಿ ಯಾವ ಅಂಗಳದಲ್ಲಿ ಒಣಗುತ್ತಿದೆ, ಯಾವ ದರ್ಜೆಯದು ಎಂದು ಅದು ಹೇಳಬೇಕಿತ್ತು. ಪ್ರೋಗ್ರಾಮು ಬರೆಯಲು ಇದ್ದವರು ಇಬ್ಬರೇ. ಗಣಿತದಲ್ಲಿ ಬಿ.ಎಸ್ಸಿ. ಮುಗಿಸಿ ಸೇರಿದ್ದ ನಾನು, ಮತ್ತು ಇಪ್ಪತ್ತು ವರ್ಷ ಅಲ್ಲೇ ಮೆಕ್ಯಾನಿಕ್ ಆಗಿದ್ದ ಮೂಡಿಗೆರೆಯ ಒಬ್ಬ ಸಾಹೇಬರು. ನಮಗೆ ಹೊಸದಾಗಿದ್ದ ಪ್ಯಾಸ್ಕಲ್ ಎಂಬ ಕಂಪ್ಯೂಟರ್ ಭಾಷೆಯನ್ನು ಇಬ್ಬರೂ ಒಟ್ಟಿಗೇ ಕಲಿತೆವು. ಆದರೆ ಬರೆಯುವುದನ್ನು ನನಗೆ ಕಲಿಸಿದವರು ಅವರು.

"ಒಂದು ತುಂಡು ಒಂದೇ ಕೆಲಸ ಮಾಡ್ಬೇಕು ಮಾರಾಯ್ತಿ. ತೇವಾಂಶಕ್ಕೆ ತೇವಾಂಶ ಅಂತ್ಲೇ ಹೆಸರಿಡು. ನಾಳೆ ಬಿಚ್ಚುವವ ಬೇರೆಯವನಿರ್ತಾನೆ" ಎನ್ನುತ್ತಿದ್ದರು.

ಸಕ್ಕರೆ ಕಾಯಿಲೆ ಅವರ ಕಣ್ಣುಗಳನ್ನು ತಿನ್ನುತ್ತಿತ್ತು. ಪರದೆ ಮಂಜಾದ ಮೇಲೆ ಮಧ್ಯಾಹ್ನ ನಾನು ಪ್ರೋಗ್ರಾಮನ್ನು ಗಟ್ಟಿಯಾಗಿ ಓದುತ್ತಿದ್ದೆ, ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಕೇಳಿದ್ದು ಅರ್ಥವಾಗದ ಕಡೆ ಮತ್ತೆ ಬರೆಯುತ್ತಿದ್ದೆವು. ತಪ್ಪುಗಳು ಹೆಚ್ಚಾಗಿ ಅಲ್ಲೇ ಸಿಗುತ್ತಿದ್ದವು.

ಚಿಕಿತ್ಸೆಗೆಂದು ಅವರು ಒಂದು ತಿಂಗಳು ಮಂಗಳೂರಿಗೆ ಹೋದಾಗ ನಾನು ಆ ಪ್ರೋಗ್ರಾಮನ್ನು ಪೂರ್ತಿ ಬದಲಿಸಿದೆ. ದರ್ಜೆ, ಅಂಗಳ, ತೇವಾಂಶ ಮೂರನ್ನೂ ಒಂದೇ ಸಂಖ್ಯೆಯೊಳಗೆ ತುರುಕಿದೆ. ಮೂರು ಪುಟ ಒಂದು ಪುಟವಾಯಿತು. ಮ್ಯಾನೇಜರು ಹೊಗಳಿದರು. ನಾನು ಉಬ್ಬಿಹೋದೆ.

ಅವರು ಬಂದ ದಿನ ಓದಿ ಹೇಳಿದೆ. "ಇನ್ನೊಂದ್ಸಲ ಓದು" ಎಂದರು. ಓದಿದೆ. ಮೂರನೆಯ ಸಲವೂ ಓದಿಸಿದರು. ಆಮೇಲೆ ಮೆಲ್ಲಗೆ ಹೇಳಿದರು:

"ಕಣ್ಣು ಹೋದದ್ದಕ್ಕೆ ಇಷ್ಟು ಬೇಜಾರಾಗಿರ್ಲಿಲ್ಲ. ಈಗ ತಲೆನೂ ಹೋಗ್ತಾ ಇದೆ."

ಬರೆದದ್ದೇ ಗೋಜಲು, ನಿಮ್ಮ ತಲೆಗೆ ಏನೂ ಆಗಿಲ್ಲ ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ. ನನ್ನ ಜಾಣತನ ಅವರಿಗೆ ಎಟುಕಲಿಲ್ಲ ಎಂಬ ಸಣ್ಣ ಖುಷಿ ಆ ಹೊತ್ತಿನಲ್ಲಿ ನನ್ನೊಳಗೆ ಇತ್ತು. ವಾರದೊಳಗೆ ಅವರು ರಾಜೀನಾಮೆ ಕೊಟ್ಟರು.

ಎರಡು ತಿಂಗಳ ನಂತರ ವರ್ಕ್ಸಿನಲ್ಲಿ ಹತ್ತನೆಯ ಅಂಗಳ ತೆರೆದರು. ನಾನು ಅಂಗಳಕ್ಕೆ ಒಂದೇ ಅಂಕಿಯ ಜಾಗ ಇಟ್ಟಿದ್ದೆ. ಹತ್ತರಲ್ಲಿ ಹೆಚ್ಚಾದ ಅಂಕಿ ಪಕ್ಕದ ದರ್ಜೆಯ ಅಂಕಿಗೆ ಸೇರಿ, ಒಂದು ಎಸ್ಟೇಟಿನ ಕಾಫಿ ಇನ್ನೊಂದು ದರ್ಜೆಯಲ್ಲಿ ಕಾಣಿಸತೊಡಗಿತು. ಸರಿಪಡಿಸಲು ಕುಳಿತರೆ ನಾನು ಬರೆದದ್ದು ನನಗೇ ತಿಳಿಯಲಿಲ್ಲ. ಎರಡು ದಿನ ಒದ್ದಾಡಿದೆ. ಅವರಿಗೆ ಆ ಮಧ್ಯಾಹ್ನ ಹೇಗಾಗಿತ್ತು ಎಂಬುದು ಆಗ ಅರ್ಥವಾಯಿತು.

ಎಲ್ಲವನ್ನೂ ಅಳಿಸಿ ಅವರ ರೀತಿಯಲ್ಲೇ ಬರೆದೆ. ಬಿಡಿಸಿ ಬರೆಯುವಾಗ ಇನ್ನೊಂದು ತಪ್ಪು ಕಂಡಿತು. ಎಸ್ಟೇಟಿನಿಂದ ಬಂದ ಕಾಫಿಯ ಪ್ರತಿ ಕಂತಿಗೂ ನಾನು ಫ್ಲಾಪಿಯನ್ನು ಮೊದಲಿನಿಂದ ಓದಿಸುತ್ತಿದ್ದೆ. ಒಮ್ಮೆ ಮಾತ್ರ ಓದುವಂತೆ ಮಾಡಿದಾಗ ಪ್ರೋಗ್ರಾಮು ಉದ್ದವಾಗಿದ್ದರೂ ಮೊದಲಿಗಿಂತ ಬೇಗ ಮುಗಿಯಿತು.

ಪ್ರಿಂಟು ಹಿಡಿದು ಮೂಡಿಗೆರೆಯ ಬಸ್ಸು ಹತ್ತಿದೆ. ಅವರು ತಮ್ಮನ ವರ್ಕ್‌ಶಾಪಿನ ಜಗಲಿಯಲ್ಲಿ ಕುಳಿತಿದ್ದರು. ಓದುತ್ತಾ ಹೋದೆ. ನಡುವೆ ತಡೆದರು.

"ಫ್ಲಾಪಿಯ ಫೈಲು ಖಾಲಿ ಇದ್ರೆ ಏನ್ಮಾಡುತ್ತೆ?"

ನಾನು ಅದನ್ನು ಯೋಚಿಸಿರಲಿಲ್ಲ. ಅವರ ತಲೆಗೆ ಏನೂ ಆಗಿರಲಿಲ್ಲ. ನಾನು ಅತ್ತುಬಿಟ್ಟೆ. ಆ ದಿನದ್ದನ್ನೆಲ್ಲ, ಆ ಖುಷಿಯನ್ನೂ ಸೇರಿಸಿ, ಹೇಳಿದೆ.

ಅವರು ಬೈಯಲಿಲ್ಲ. "ಕೆಲಸ ಬಿಟ್ಟು ಬಂದ ಮೇಲೆ ನಾನು ಮನೇಲಿ ಸರಿಯಾಗಿ ಮಾತೇ ಆಡಿಲ್ಲ ಮಾರಾಯ್ತಿ. ಏನಾದ್ರೂ ತಪ್ಪು ಮಾತಾಡಿಬಿಡ್ತೀನೋ ಅಂತ ಹೆದರಿಕೆ. ಆವತ್ತು ನೀನು ಒಂದು ಮಾತು ಹೇಳಿದ್ರೆ ಸಾಕಿತ್ತು."

ವಾಪಸ್ ಬನ್ನಿ, ನಾನೇ ಮ್ಯಾನೇಜರ ಹತ್ತಿರ ಮಾತಾಡುತ್ತೇನೆ ಎಂದು ಬೇಡಿಕೊಂಡೆ. ಬೇಡ ಎಂದು ತಲೆಯಾಡಿಸಿದರು.

ಮರುದಿನ ಖಾಲಿ ಫೈಲಿನ ಪರೀಕ್ಷೆ ಸೇರಿಸಿದೆ. ಮತ್ತೆ ಎರಡು ಸಲ ಮೂಡಿಗೆರೆಗೆ ಹೋದೆ. ಮೊದಲ ಸಲ ಮಳೆಯ ವಿಷಯ, ನನ್ನ ಮದುವೆಯ ವಿಷಯ ಕೇಳಿದರು, ಕೆಲಸದ ಮಾತು ಎತ್ತಲಿಲ್ಲ. ಎರಡನೆಯ ಸಲ ಅವರ ಹೆಂಡತಿ ಬಾಗಿಲಿಗೆ ಬಂದು, "ಮಲಗಿದ್ದಾರೆ, ಯಾರು ಬಂದ್ರೂ ಎಬ್ಬಿಸ್ಬೇಡ ಅಂದಿದ್ದಾರೆ" ಎಂದರು. ಒಳಗಿನಿಂದ ರೇಡಿಯೋದ ಸ್ಟೇಷನ್ ಬದಲಿಸುವ ಸದ್ದು ಕೇಳುತ್ತಿತ್ತು. ನಾನು ಬಸ್‌ಸ್ಟ್ಯಾಂಡಿಗೆ ನಡೆದೆ.