ವಾಡಿಯಲ್ಲಿ ಕಂಡ ಬಿರುಕು

ಚಿತ್ತಾಪುರದ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ನನಗೆ ಇರುವುದು ಒಂದೇ ಚಟ. ಭಾನುವಾರ ಬೆಳಿಗ್ಗೆ ಸೈಕಲ್ಲನ್ನು ಕಾರಿನ ಹಿಂದೆ ಕಟ್ಟಿಕೊಂಡು ಚಿಂಚೋಳಿಗೆ ಹೋಗುವುದು, ಅಲ್ಲಿನ ಗುಡ್ಡದ ಕೆಂಪು ಕಾಲುದಾರಿಗಳಲ್ಲಿ ಮಧ್ಯಾಹ್ನದವರೆಗೆ ತಿರುಗುವುದು. ಹನ್ನೊಂದು ವರ್ಷ ನನ್ನನ್ನು ಹೊತ್ತ ಸೈಕಲ್ಲಿಗೆ ಅಲ್ಯೂಮಿನಿಯಂ ಮೈ, ಮುಂದೆಯೂ ಹಿಂದೆಯೂ ಕುಲುಕು ತಡೆಯುವ ಶಾಕ್. ಎಂಥ ಕಲ್ಲಿನ ಮೇಲಿಂದ ಇಳಿದರೂ ಹಾಸಿಗೆಯ ಮೇಲೆ ಕೂತ ಹಾಗೆ ಇರುತ್ತಿತ್ತು.

ಹೋದ ವರ್ಷ ಹಿಂದಿನ ಶಾಕಿನಿಂದ ಎಣ್ಣೆ ಸೋರತೊಡಗಿತು. ಪೆಡಲ್ ತುಳಿದಾಗಲೆಲ್ಲ ಕೀಲುಗಳು ಕಿರುಗುಟ್ಟುತ್ತಿದ್ದವು. ವಾಡಿಯಲ್ಲಿ ಒಬ್ಬರು ಇಂಥ ಸೈಕಲ್ಲುಗಳ ಕೆಲಸ ಬಲ್ಲವರಿದ್ದಾರೆ ಎಂದು ಕೇಳಿ ಅಲ್ಲಿಗೆ ಒಯ್ದೆ. ಅರವತ್ತು ದಾಟಿದ ಮನುಷ್ಯ. ಇಡೀ ಆಯುಷ್ಯ ವೆಲ್ಡಿಂಗ್ ಮಾಡಿ ನಿವೃತ್ತರಾಗಿ ಮನೆಯ ಮುಂದಿನ ಕೋಣೆಯಲ್ಲೇ ಅಂಗಡಿ ಇಟ್ಟುಕೊಂಡಿದ್ದರು. ಮಾತು ಕಡಿಮೆ. ಗೋಡೆಗೆ ಉಕ್ಕಿನ ಒಂದು ಹೊಸ ಸೈಕಲ್ ಫ್ರೇಮ್ ತೂಗುಹಾಕಿದ್ದರು. ಹಿಂದೆ ಶಾಕ್ ಇಲ್ಲದ್ದು, ನೀಲಿ ಬಣ್ಣದ್ದು.

"ಬಿಟ್ಟು ಹೋಗ್ರಿ. ನಾಕು ದಿನ ಬಿಟ್ಟು ಬರ್ರಿ," ಎಂದರು.

ನಾಲ್ಕು ದಿನ ಬಿಟ್ಟು ಹೋದಾಗ ಸೈಕಲ್ ಮೇಜಿನ ಮೇಲೆ ಅಂಗಾತ ಬಿದ್ದಿತ್ತು. ಶಾಕ್ ಬಿಚ್ಚಿಟ್ಟಿದ್ದರು. ಅದು ಕೂರುವ ಜಾಗದ ಬಳಿ, ಕೊಳವೆಯ ಮೇಲೆ, ಉಗುರಿನಿಂದ ಗೀರಿದಂಥ ಒಂದು ಗೆರೆ ತೋರಿಸಿದರು.

"ಬಿರುಕು ಬಿಟ್ಟದ್ರಿ. ಶಾಕ್ ರಿಪೇರಿ ಮಾಡಿ ಉಪಯೋಗ ಇಲ್ಲ. ಇದು ಬಿಡ್ರಿ, ಉಕ್ಕಿನ ಫ್ರೇಮ್ ಹಾಕಿಸ್ಕೊರಿ. ನಿಮ್ಮ ಮುಂದಿನ ಶಾಕು, ಗಾಲಿ, ಬ್ರೇಕು ಎಲ್ಲಾ ಅದಕ್ಕೇ ಹೊಂದ್ತಾವ."

ನನ್ನ ಕಣ್ಣು ಗೋಡೆಯ ಕಡೆ ಹೋಯಿತು. ಆ ಫ್ರೇಮ್ ಎತ್ತರದಲ್ಲಿ ನನಗೆ ಅಳತೆ ತೆಗೆದು ಮಾಡಿಸಿದ ಹಾಗಿತ್ತು. ಮೇಜಿನ ಮೂಲೆಯಲ್ಲಿ ಲೋಹ ಉಜ್ಜುವ ಒಂದು ಸಣ್ಣ ಅರ ಇತ್ತು, ಅದರ ಹಲ್ಲಿನಲ್ಲಿ ಅಲ್ಯೂಮಿನಿಯಂನಂಥ ಬೆಳ್ಳಗಿನ ಪುಡಿ. ಸೈಕಲ್ ನಾಲ್ಕು ದಿನ ಇವರ ಕೈಯಲ್ಲಿತ್ತು. ಕೂಡಿಸುವುದು ನನ್ನ ಕಸುಬು, ಕೂಡಿಸಿಬಿಟ್ಟೆ.

"ನಾನು ತಂದಾಗ ಇದು ಇರ್ಲಿಲ್ಲ," ಎಂದೆ.

"ಇತ್ರಿ," ಎಂದರು. ಶಾಕನ್ನು ಮತ್ತೆ ಕೂಡಿಸಿ ಸೈಕಲ್ಲನ್ನು ಹೊರಗೆ ತಂದು ನಿಲ್ಲಿಸಿದರು.

ಅಲ್ಲಿಂದ ನೇರ ಸೇಡಂಗೆ ಹೋಗಿ ಮತ್ತೊಂದು ಅಂಗಡಿಯವನಿಗೆ ತೋರಿಸಿದೆ. ತೋರಿಸುವ ಮೊದಲೇ ನನ್ನ ಅನುಮಾನವನ್ನೆಲ್ಲ ಅವನ ಕಿವಿಗೆ ಹಾಕಿದ್ದೆ. ಅವನು ಗೆರೆಯ ಮೇಲೆ ಬೆರಳಾಡಿಸಿ, "ಅರ ಹಚ್ಚಿರಬೋದು ಸರ್, ಹಚ್ಚಿರ್ಲಿಕ್ಕಿಲ್ಲ. ಹೇಳ್ಲಿಕ್ಕ ಬರಲ್ಲ," ಎಂದ. ನನಗೆ ಅಷ್ಟೇ ಸಾಕಾಗಿತ್ತು. ಮುಂದಿನ ಎರಡು ವಾರ ಸ್ಟಾಫ್ ರೂಮಿನಲ್ಲಿ ವಾಡಿಯ ಮುದುಕನ ಕಥೆ ಹೇಳಿದೆ. ಪ್ರತಿ ಸಲ ಹೇಳುವಾಗಲೂ ಅರದ ಹಲ್ಲಿನಲ್ಲಿದ್ದ ಪುಡಿ ಇನ್ನಷ್ಟು ಹೆಚ್ಚಾಗುತ್ತಿತ್ತು. ಆದರೆ ಸೈಕಲ್ ಮಾತ್ರ ಹತ್ತಲಿಲ್ಲ. ಗೆರೆ ಸುಳ್ಳೆಂದು ನಂಬಿದವನು ಅದರ ಮೇಲೆ ಕೂತು ಗುಡ್ಡ ಇಳಿಯಲು ಯಾಕೆ ಹೆದರಿದೆನೋ, ಆಗ ಯೋಚಿಸಲಿಲ್ಲ.

ನನ್ನ ಹೆಂಡತಿ ತಹಸೀಲ್ ಕಚೇರಿಯಲ್ಲಿ ಕೆಲಸ ಮಾಡುತ್ತಾಳೆ, ಕಾಗದಪತ್ರ ನೋಡುವುದರಲ್ಲಿ ಪಳಗಿದವಳು. ಒಂದು ಸಂಜೆ ಫೋನಿನಲ್ಲಿ ಯಾವುದೋ ಫೋಟೋ ಹುಡುಕುತ್ತಿದ್ದವಳು ಒಂದರಲ್ಲಿ ನಿಂತಳು. ಸೈಕಲ್ಲನ್ನು ವಾಡಿಗೆ ಒಯ್ಯುವುದಕ್ಕೆ ಒಂದು ವರ್ಷ ಮೊದಲು, ಚಿಂಚೋಳಿ ಪಕ್ಕದ ಚಂದಾಪುರದ ಚಹಾದಂಗಡಿಯ ಮುಂದೆ ಅವಳೇ ತೆಗೆದದ್ದು. ಸೈಕಲ್ಲಿಗೆ ಒರಗಿ ನಾನು ನಗುತ್ತಿದ್ದೆ. ಎರಡು ಬೆರಳಿನಿಂದ ಚಿತ್ರ ಹಿಗ್ಗಿಸಿದಳು.

"ಇದೇನ್ರಿ ಇಲ್ಲಿ?"

"ಧೂಳು ಇರಬೇಕು."

"ಧೂಳಿನ ಕೆಳಗ ನೋಡ್ರಿ."

ಅದೇ ಜಾಗ, ಅದೇ ಗೆರೆ. ಈಗಿನದರ ಅರ್ಧದಷ್ಟು ಉದ್ದ. ಅವಳು ಫೋನನ್ನು ನನ್ನ ಕೈಗಿಟ್ಟು, "ಪಾಪ, ಆ ಮನಷಾ," ಎಂದಷ್ಟೇ ಹೇಳಿ ಒಳಗೆ ಹೋದಳು.

ವಾಡಿಗೆ ಮತ್ತೆ ಹೋದೆ. ತಪ್ಪಾಯಿತು ಎನ್ನಲು ನಾಲಿಗೆ ಏಳಲಿಲ್ಲ. "ಆ ಉಕ್ಕಿನ ಫ್ರೇಮೇ ಹಾಕ್ಕೊಡ್ರಿ," ಎಂದೆ. ಅವರು ಒಂದು ಸ್ಟೂಲ್ ಎಳೆದು ಮೇಜಿನ ಪಕ್ಕದಲ್ಲಿಟ್ಟರು.

"ಕುಂದ್ರಿ. ಈ ಸಲ ಎಲ್ಲಾ ನಿಮ್ಮ ಮುಂದೇ ಮಾಡ್ತೀನಿ."

ಇಡೀ ದಿನ ಕೂರಿಸಿಕೊಂಡರು. ಫ್ರೇಮಿನ ಒಂದೊಂದು ಬೆಸುಗೆಯನ್ನೂ ಬಟ್ಟೆಯಿಂದ ಒರೆಸಿ ಬೆಳಕಿಗೆ ಹಿಡಿದು, "ನೋಡ್ರಿ," ಎಂದರು. ಹಳೆಯ ಸೈಕಲ್ಲಿನ ಒಂದೊಂದು ಬೋಲ್ಟನ್ನೂ ನನ್ನ ಅಂಗೈಗೆ ಹಾಕಿ, ಹೊಸದಕ್ಕೆ ಕೂಡಿಸುವಾಗ ನನ್ನಿಂದಲೇ ಇಸಿದುಕೊಂಡರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಕೂರುವುದು ಸಲೀಸಾಗುತ್ತಿತ್ತು. ಆಗಲೂ ನನ್ನ ಮನಸ್ಸು ಸುಮ್ಮನಿರಲಿಲ್ಲ: ಇಷ್ಟೊಂದು ತೋರಿಸುತ್ತಿದ್ದಾರೆಂದರೆ ಏನನ್ನೋ ಮುಚ್ಚುತ್ತಿರಬಹುದೇ?

ಚೈನ್ ಹಾಕಿ ಮುಗಿಸಿದ ಮೇಲೆ ತಡೆಯಲಾಗದೆ ಹೇಳಿಬಿಟ್ಟೆ. ಅರದ ವಿಷಯ, ಸೇಡಂ ವಿಷಯ, ಸ್ಟಾಫ್ ರೂಮು, ಫೋಟೋ, ಎಲ್ಲ.

"ಗೊತ್ತಿತ್ರಿ," ಎಂದರು ಕೈ ಒರೆಸಿಕೊಳ್ಳುತ್ತಾ. "ನಾನೂ ಏನು ಕಡಿಮಿ ಅಲ್ಲ. ನೀವು ಬಿಟ್ಟು ಹೋದ ದಿನಾನೇ ಬಿರುಕು ಕಂಡಿತ್ತು. ಫೋನ್ ಮಾಡ್ಲಿಲ್ಲ. ಇವ್ರು ಗೊತ್ತಿದ್ದೇ ತಂದಾರ, ನನ್ನ ತಲಿಗಿ ಕಟ್ಲಾಕ ಬಂದಾರ ಅನ್ಕೊಂಡೆ. ಮೂರು ದಿನ ಅದೇ ವಿಚಾರ ಮಾಡ್ಲಾಕತ್ತಿದ್ದೆ."

"ಮತ್ತ ಈ ಫ್ರೇಮು? ಮೊದಲೇ ತರಿಸಿಟ್ಟಿದ್ರಲ್ಲ?"

"ಅದು ನನ್ನ ಸಲುವಾಗಿ ತರಿಸಿದ್ದು. ಆಮ್ಯಾಗ ಮೊಣಕಾಲು ಹೋತು. ನಿಮ್ಮ ಎತ್ತರಾ ನನ್ನ ಎತ್ತರಾ ಒಂದೇ ಅದ."

ಮುಂದಿನ ಭಾನುವಾರ ಅವರನ್ನೂ ಕಾರಿನಲ್ಲಿ ಚಿಂಚೋಳಿಗೆ ಕರೆದೊಯ್ದೆ. ಎರಡು ಸಲ ಬೇಡವೆಂದವರು ಮೂರನೆಯ ಸಲ ಕರೆದಾಗ ಟೊಪ್ಪಿಗೆ ಹಾಕಿಕೊಂಡು ಬಂದರು. ಗುಡ್ಡ ಇಳಿಯುವಾಗ ಉಕ್ಕು ಪ್ರತಿ ಕಲ್ಲಿನ ಸುದ್ದಿಯನ್ನೂ ಬೆನ್ನಿಗೆ ಮುಟ್ಟಿಸಿತು. ಸೀಟು ಬಿಟ್ಟು ಪೆಡಲ್ ಮೇಲೆ ನಿಂತರೇ ಉಳಿಗಾಲ. ಬೇಗನೆ ಸುಸ್ತಾದೆ, ಆದರೆ ಕಿರುಗುಟ್ಟುವ ಸದ್ದು ಎಲ್ಲೂ ಇರಲಿಲ್ಲ.

ಕೆಳಗೆ ಮುತ್ತುಗದ ಗಿಡದ ನೆರಳಲ್ಲಿ ಕೂತಿದ್ದವರು ಎದ್ದು ಬಂದು ಹ್ಯಾಂಡಲ್ ಹಿಡಿದರು. ಕಾಲನ್ನು ಕೈಯಿಂದಲೇ ಎತ್ತಿ ಆಚೆ ಹಾಕಿ, ಸಪಾಟು ನೆಲದಲ್ಲಿ ನಿಧಾನ ಒಂದು ಸುತ್ತು ಹೊಡೆದರು. ಇಳಿದಾಗ ಉಸಿರು ಮೇಲೆ ಕೆಳಗೆ ಆಗುತ್ತಿತ್ತು.

"ಛಲೋ ಅದ," ಎಂದು ಸೈಕಲ್ಲನ್ನು ನನ್ನ ಕಡೆ ತಿರುಗಿಸಿ ನಿಲ್ಲಿಸಿದರು.